ಓದದೆ ಹಾರಿಸಿದ ಎರಡು ಪುಟ

ಮಾರ್ಚ್ ೩, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಹನಿ. ಹನ್ನೆರಡಕ್ಕೆ ಹನಿ. ನಾಲ್ಕಕ್ಕೆ ಹನಿ. ರಾತ್ರಿ ಎಂಟಕ್ಕೆ ಇನ್ನೊಂದು ಬಾಕಿ.

ಯಾವ ಹೊತ್ತಿಗೆ ಕಣ್ಣಿಗೆ ಹನಿ ಬಿಟ್ಟಿರಿ ಎಂದು ಬರೆದಿಡಲು ನರ್ಸ್ ಹೇಳಿದ್ದಾರೆ. ಮನೆಯಲ್ಲಿ ಖಾಲಿ ಹಾಳೆ ಹುಡುಕಿದರೆ ಸಿಕ್ಕಿದ್ದು ಇದೊಂದೇ, ಡಿಪೋದಲ್ಲಿ ಬಸ್ಸಿನ ದೋಷ ಬರೆಯುವ ಹಳೆಯ ಪುಸ್ತಕ. ಪ್ರತಿ ಪುಟದ ತಲೆಯ ಮೇಲೆ ‘ದೋಷದ ವಿವರ’, ಕೆಳಗೆ ‘ಚಾಲಕರ ಸಹಿ’. ಹತ್ತೊಂಬತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದೇನೆ. ಬರೆಯುವುದೆಂದರೆ ನನಗೆ ಗೊತ್ತಿರುವುದು ಆ ಸಹಿ ಮಾತ್ರ.

ಶನಿವಾರ ಮಗಳ ಎಡಗಣ್ಣಿಗೆ ಆಪರೇಷನ್ ಆಯಿತು. ಕಣ್ಣಿನ ಹಿಂಬದಿಯ ಪರದೆ ಕಳಚಿಕೊಂಡಿತ್ತಂತೆ, ಒದ್ದೆ ಗೋಡೆಯಿಂದ ಕಾಗದ ಕಳಚಿ ಬರುವ ಹಾಗೆ. ಅದನ್ನು ಮತ್ತೆ ಅಂಟಿಸಿ, ಒತ್ತಿ ಹಿಡಿಯಲು ಒಳಗೊಂದು ಗಾಳಿಯ ಗುಳ್ಳೆ ಬಿಟ್ಟಿದ್ದಾರೆ. ಗುಳ್ಳೆ ಮೇಲಕ್ಕೇ ಏರುವ ವಸ್ತು. ಅದು ಕಣ್ಣಿನ ಹಿಂಬದಿಗೆ ಹೋಗಿ ಒತ್ತಬೇಕಾದರೆ ಅವಳು ಬೋರಲಾಗಿಯೇ ಇರಬೇಕು. ಹದಿನಾಲ್ಕು ದಿನ. ಮಲಗಿದರೂ, ಕೂತರೂ, ನಡೆದರೂ ಮುಖ ನೆಲಕ್ಕೆ. ಗಂಟೆಗೆ ಹತ್ತು ನಿಮಿಷ ಬಿಡುವು, ಊಟಕ್ಕೆ ಮತ್ತು ಬಚ್ಚಲಿಗೆ. ಬಲಗಣ್ಣಿನಲ್ಲೂ ಪರದೆ ತೆಳುವಾಗಿದೆ ಎಂದು ಲೇಸರ್ ಕೊಟ್ಟಿದ್ದಾರೆ. ಎರಡಕ್ಕೂ ವಿಶ್ರಾಂತಿ ಬೇಕು. ಓದು ಬೇಡ, ಟಿ.ವಿ. ಬೇಡ, ಮೊಬೈಲು ಬೇಡ.

ಇವಳಿಗೆ, ನನ್ನ ಹೆಂಡತಿಗೆ, ಹೋಟೆಲ್ಲಿನ ಲಾಂಡ್ರಿಯಲ್ಲಿ ಹೊಸ ಕೆಲಸ, ರಜೆ ಕೇಳುವ ಹಾಗಿಲ್ಲ. ನನ್ನ ರಜೆ ಗುಡ್ಡೆ ಬಿದ್ದಿದೆ. ಹಾಗಾಗಿ ನಾನು.

ಹದಿನೈದು ವರ್ಷದ ಮಗಳ ಜೊತೆ ಹಗಲಿಡೀ ಒಂದೇ ಕೋಣೆಯಲ್ಲಿ ಕೂತದ್ದು ಹಿಂದೆ ಯಾವಾಗ? ನೆನಪಿಗೆ ಬರುತ್ತಿಲ್ಲ. ನಾನು ಡ್ಯೂಟಿಗೆ ಹೊರಡುವಾಗ ಅವಳು ನಿದ್ದೆಯಲ್ಲಿರುತ್ತಾಳೆ, ಬರುವಾಗ ಪುಸ್ತಕದಲ್ಲಿ.

ಬೆನ್ನು ನೋಯುತ್ತಿದೆ. ಸುಮ್ಮನೆ ಕೂರುವುದಕ್ಕೂ ಬೆನ್ನು ನೋಯುತ್ತದೆ ಎಂದು ಇವತ್ತೇ ಗೊತ್ತಾದದ್ದು.

ಮಾರ್ಚ್ ೪, ಮಂಗಳವಾರ

ಹನಿ ನಾಲ್ಕೂ ಸಲ ಸರಿಯಾಗಿ.

ಬೆಳಿಗ್ಗೆ ಪೇಪರ್ ಓದಿ ಹೇಳಿದೆ. ಲಾರಿ ಮಗುಚಿದ್ದು, ಸೇತುವೆ ರಿಪೇರಿ, ಹವಾಮಾನ. ಮಗಳು ಮಂಚದ ಅಂಚಿನಿಂದ ತಲೆ ಇಳಿಬಿಟ್ಟು ಮಲಗಿದ್ದಳು. ಅವಳ ಮುಖ ನನಗೆ ಕಾಣುವುದಿಲ್ಲ, ಜಡೆ ಮಾತ್ರ ಕಾಣುತ್ತದೆ. ಜಡೆಯ ಜೊತೆ ಮಾತಾಡಿದ ಹಾಗೆ.

“ಅಪ್ಪ, ಅದು ಸಾಕು. ನನ್ನ ನೀಲಿ ರಟ್ಟಿನ ಪುಸ್ತಕ ಎಲ್ಲಿಟ್ಟಿದ್ದೀಯ?”

ಬೀರುವಿನಲ್ಲಿತ್ತು. ನಾನೇ ಹೋದ ವಾರ ಒಳಗಿಟ್ಟು ಬೀಗ ಹಾಕಿದ್ದೆ. ಬೀಗ ತೆಗೆಯುವ ಸದ್ದು ಅವಳಿಗೆ ಕೇಳಿಸಿತು. ಜಡೆ ಒಮ್ಮೆ ಅಲುಗಿತು.

ಅವಳು ನೂರ ಹನ್ನೆರಡನೇ ಪುಟದ ತನಕ ಓದಿದ್ದಳಂತೆ. ಆದರೂ ಮೊದಲಿಂದ ಓದು ಅಂದಳು, “ಇಲ್ದಿದ್ರೆ ನಿಂಗೆ ತಲೆ ಬುಡ ತಿಳಿಯಲ್ಲ.”

ಸಮುದ್ರಕ್ಕಿಂತ ತಗ್ಗಿನಲ್ಲಿರುವ ಒಂದು ಊರು. ಹಗಲಿರುಳು ಪಂಪುಗಳು ನೀರೆತ್ತಿ ಹೊರಗೆ ಹಾಕುವುದರಿಂದ ಊರು ಉಳಿದಿದೆ. ಪಂಪುಗಳಿಗೆ ವಯಸ್ಸಾಗಿದೆ. ಪ್ರತಿ ವರ್ಷ ‘ಮಂಡಳಿ’ ಒಂದು ಪಟ್ಟಿ ಓದುತ್ತದೆ, ಈ ಸಲ ಇಂಥ ಬೀದಿಯನ್ನು ನೀರಿಗೆ ಬಿಡುತ್ತೇವೆ, ಅಲ್ಲಿನ ಜನರನ್ನು ಮೇಲಿನ ಊರಿಗೆ ಸಾಗಿಸಿದ್ದೇವೆ ಎಂದು. ಕಥೆಯ ನಾಯಕಿಗೆ ಹದಿನಾರು ವರ್ಷ. ಪಂಪುಗಳಿಗೆ ಎಣ್ಣೆ ಹಾಕುವ ಕೆಲಸ. ಅವಳ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನಾನು ‘ಪಂಪ್ ಹುಡುಗಿ’ ಅಂದುಬಿಟ್ಟೆ. ಮಗಳು ನಕ್ಕಳು. ಬೋರಲು ಮಲಗಿ ನಕ್ಕರೆ ಕೆಮ್ಮಿದ ಹಾಗೆ ಕೇಳುತ್ತದೆ.

“ಊರು ಮುಳುಗೋದು, ಜನ ಕಾಣೆಯಾಗೋದು. ಇದನ್ನೆಲ್ಲ ಯಾಕೆ ಓದ್ತೀರಿ ನೀವು? ಚೆನ್ನಾಗಿರೋದು ಏನಾದ್ರೂ ಓದ್ಬಾರ್ದಾ?” ಎಂದೆ.

“ಚೆನ್ನಾಗಿರೋದು ಓದಿದ್ರೆ ಸುಳ್ಳು ಅನ್ಸುತ್ತೆ. ಕ್ಲಾಸಲ್ಲಿ ಇನ್ನೂ ಹನ್ನೊಂದು ಜನ ಇದಕ್ಕೆ ಕಾಯ್ತಿದಾರೆ, ಗೊತ್ತಾ?”

ಹನ್ನೊಂದು ಜನ ಹುಡುಗಿಯರು ಕೆಲಸಕ್ಕೆ ಬಾರದ್ದಕ್ಕೆ ಸಾಲು ನಿಂತಿದ್ದಾರೆ. ಹದಿನೆಂಟು ಪುಟಕ್ಕೆ ಗಂಟಲು ಒಣಗಿತು.

ಮಾರ್ಚ್ ೫, ಬುಧವಾರ

ಮಗಳ ಕತ್ತು ಸೆಟೆದುಕೊಂಡಿದೆ, ಹಣೆಯ ಮೇಲೆ ದಿಂಬಿನ ಗೆರೆ ಬಿದ್ದು ಕೆಂಪಾಗಿದೆ. ಡಿಪೋದ ಸೀಟು ಮೇಸ್ತ್ರಿಗೆ ಫೋನ್ ಮಾಡಿ ಹೇಳಿದ್ದೆ. ಬಸ್ಸಿನ ಸೀಟು ಹೊಲಿಯುವವನು ಅವನು. ಮಧ್ಯಾಹ್ನ ಬಂದ, ಕಂಕುಳಲ್ಲಿ ಹಳೆಯ ಸೀಟಿನ ಫೋಮು. ಮುಖದ ಆಕಾರಕ್ಕೆ ನಡುವೆ ತೂತು ಕೊರೆದು, ಸುತ್ತ ಬಟ್ಟೆ ಹೊಲಿದು ತಂದಿದ್ದ.

“ಮುಖ ಇಟ್ಟು ನೋಡಮ್ಮ. ಸಾಲ್ದಿದ್ರೆ ಇನ್ನಷ್ಟು ಕೊರಿತೀನಿ.”

“ಸರಿಯಾಗಿದೆ ಅಂಕಲ್. ಬಸ್ಸಿನ ವಾಸನೆ ಬರ್ತಿದೆ ಅಷ್ಟೇ.”

“ನಿಮ್ಮಪ್ಪನ ವಾಸನೆನೇ ಅದು, ಅಡ್ಜಸ್ಟ್ ಮಾಡ್ಕೋ.”

ಅವನು ಹೋದ ಮೇಲೆ ಓದಿದೆ. ಪಂಪ್ ಹುಡುಗಿ ಬೇರಿಂಗಿಗೆ ಗ್ರೀಸ್ ತುಂಬುವ ಜಾಗ ಬಂತು. ಹಳೆಯ ಗ್ರೀಸ್ ಪೂರ್ತಿ ಹೊರಗೆ ಬರುವ ತನಕ ಹೊಸದು ತುಂಬುತ್ತಲೇ ಇರುತ್ತಾಳೆ, ಮಧ್ಯೆ ನಿಲ್ಲಿಸುವುದಿಲ್ಲ. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುವುದಿಲ್ಲ. ಅಂಗಡಿಯಲ್ಲಿ ಪಕ್ಕದವರು ಸ್ವಲ್ಪ ಸರಿದು ನಿಲ್ಲುತ್ತಾರೆ. ಓದುವುದು ನಿಲ್ಲಿಸಿ ನನ್ನ ಉಗುರು ನೋಡಿಕೊಂಡೆ. ಬರೆದವರು ಯಾರೋ, ಕೆಲಸ ಮಾಡುವವರನ್ನು ಹತ್ತಿರ ನಿಂತು ನೋಡಿದ್ದಾರೆ. ಅಷ್ಟು ಮಾತ್ರ ಒಪ್ಪುತ್ತೇನೆ.

ಹನಿ ನಾಲ್ಕು ಸಲ. ಮೂರನೆಯದು ಹತ್ತು ನಿಮಿಷ ತಡ. ಪುಟದ ಮಧ್ಯದಲ್ಲಿದ್ದೆವು.

ಮಾರ್ಚ್ ೭, ಶುಕ್ರವಾರ

ಆಸ್ಪತ್ರೆಗೆ ಹೋಗಿದ್ದೆವು. ಟ್ಯಾಕ್ಸಿಯಲ್ಲಿ ಮಗಳು ಮಂಡಿಗೆ ಹಣೆ ಹಚ್ಚಿ ಕೂತಿದ್ದಳು.

ಡಾಕ್ಟರು ದೀಪ ಬಿಟ್ಟು ನೋಡಿದರು. ಆಮೇಲೆ ಅವಳನ್ನು ನರ್ಸ್ ಹತ್ತಿರ ಬಿಟ್ಟು ನನ್ನನ್ನು ವರಾಂಡಕ್ಕೆ ಕರೆದರು. ಚಿಕ್ಕ ವಯಸ್ಸಿನ ಹೆಂಗಸು, ಮಾತು ಮೆಲ್ಲಗೆ.

“ಪರದೆ ಕೂತಿದೆ, ಅದು ಒಳ್ಳೇದು. ಆದ್ರೆ ನಡುಭಾಗ ಕಳಚಿ ಸುಮಾರು ದಿನ ಆಗಿತ್ತು. ಆ ಕಣ್ಣಲ್ಲಿ ಅಕ್ಷರ ಓದೋ ಅಷ್ಟು ದೃಷ್ಟಿ ಬರೋದು ಅನುಮಾನ. ಮೂರ್ನಾಲ್ಕು ದಿನ ಮೊದಲೇ ಬಂದಿದ್ರೆ ಮಾತು ಬೇರೆ ಇರ್ತಿತ್ತು. ಆಕೆಗೆ ಹೇಗೆ ಹೇಳೋದು ಅಂತ ನೀವು ಯೋಚನೆ ಮಾಡಿ.”

ಮೂರ್ನಾಲ್ಕು ದಿನ.

ಬರೆದೇ ಬಿಡುತ್ತೇನೆ, ಇದನ್ನು ನೋಡುವವರು ಯಾರಿದ್ದಾರೆ. ಹೋದ ತಿಂಗಳು ೨೫ರಂದು, ಮಂಗಳವಾರ, ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚುತ್ತಿದ್ದೆ. “ಅಪ್ಪ, ಎಡಗಣ್ಣಿಗೆ ಕಪ್ಪು ಪರದೆ ಇಳಿದ ಹಾಗೆ ಕಾಣ್ತಿದೆ” ಎಂದಳು. “ಹಗಲೂ ರಾತ್ರಿ ಪುಸ್ತಕಕ್ಕೆ ಮೂಗು ತೂರಿಸಿದ್ರೆ ಇನ್ನೇನಾಗುತ್ತೆ?” ಎಂದು ಆ ನೀಲಿ ಪುಸ್ತಕ ಕಿತ್ತು ಬೀರುವಿಗೆ ಹಾಕಿದೆ. ಎರಡು ದಿನ ಓದದಿದ್ದರೆ ಸರಿಹೋಗುತ್ತದೆ ಎಂದೆ. ಶುಕ್ರವಾರ ಅವಳು ಬಾಗಿಲಿನ ಚೌಕಟ್ಟಿಗೆ ಡಿಕ್ಕಿ ಹೊಡೆದಳು. ಆಗ ಇವಳು ಕರೆದುಕೊಂಡು ಓಡಿದಳು. ನಾನು ಬಸ್ಸಿನಲ್ಲಿದ್ದೆ.

ಇವಳಿಗೆ ಅಡುಗೆಮನೆಯಲ್ಲಿ ಹೇಳಿದೆ. ನಲ್ಲಿ ಬಿಟ್ಟು, ಆ ಸದ್ದಿನಲ್ಲಿ. ಇವಳು ಸಿಂಕಿನ ಅಂಚು ಹಿಡಿದುಕೊಂಡಳು.

“ಈಗ್ಲೇ ಹೇಳೋದು ಬೇಡ ರೀ. ಹದಿನಾಲ್ಕು ದಿನ ಬೋರಲು ಮಲಗೋಕೆ ಅವಳಿಗೆ ಆಸೆ ಅನ್ನೋದೊಂದು ಇರ್ಲಿ.”

“ಎಷ್ಟು ದಿನ ಮುಚ್ಚಿಡೋದು?”

“ನೀವು ಅವತ್ತು ಕೇಳಿಸ್ಕೊಂಡಿದ್ರೆ ಮುಚ್ಚಿಡೋ ಪ್ರಮೇಯನೇ ಬರ್ತಿರ್ಲಿಲ್ಲ.”

ಅಂದ ಮೇಲೆ ಇವಳೇ ನನ್ನ ತೋಳು ಮುಟ್ಟಿ ಹೊರಗೆ ಹೋದಳು.

ಮಾರ್ಚ್ ೮, ಶನಿವಾರ

ಹನಿ ನಾಲ್ಕು ಸಲ. ಓದು ಮೂವತ್ತು ಪುಟ. ಸುಸ್ತು.

ಮಾರ್ಚ್ ೯, ಭಾನುವಾರ

ನೂರ ಹನ್ನೆರಡು ದಾಟಿದೆವು. ಇನ್ನು ಮುಂದಿನದು ಅವಳಿಗೂ ಹೊಸದು, ನನಗೂ.

ಪಂಪ್ ಹುಡುಗಿಗೆ ಗೊತ್ತಾಗಿದೆ. ಮೇಲಿನ ಊರಿಗೆ ನೀರು ಕಳಿಸುವ ಕೊಳವೆಯನ್ನು ಅವಳು ಸ್ವಚ್ಛ ಮಾಡಬೇಕಾಗಿ ಬರುತ್ತದೆ. ಒಳಗೆ ಜೇಡರ ಬಲೆ, ಒಣಗಿದ ತುಕ್ಕು. ವರ್ಷಗಟ್ಟಲೆ ಅದರಲ್ಲಿ ಒಂದು ಹನಿ ನೀರು ಹರಿದಿಲ್ಲ. ಅಂದರೆ ಮೇಲಿನ ಊರಿನಲ್ಲಿ ಯಾರೂ ಇಲ್ಲ. ಹಾಗಾದರೆ ಆ ಬೀದಿಗಳ ಜನ? ಓದುತ್ತ ಓದುತ್ತ ಧ್ವನಿ ಇಳಿದುಹೋಗಿತ್ತು. “ಜೋರಾಗಿ ಓದಪ್ಪ” ಎಂದಳು.

ಇಷ್ಟು ಗೊತ್ತಾದ ಮೇಲೆ ಹುಡುಗಿ ಏನು ಮಾಡುತ್ತಾಳೆ? ಏನೂ ಇಲ್ಲ. ಮೂರು ವಾರ ದಿನಾ ಕೆಲಸಕ್ಕೆ ಹೋಗುತ್ತಾಳೆ, ಎಣ್ಣೆ ಹಾಕುತ್ತಾಳೆ, ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗುತ್ತಾಳೆ.

ನನಗೆ ಕೋಪ ಬಂತು. “ಎಂಥವಳು ಇವಳು! ಬೀದಿಗೆ ಬಂದು ಕೂಗಿ ಹೇಳ್ಬೇಕಿತ್ತು ತಾನೇ?”

“ಯಾರಿಗೆ ಹೇಳ್ತಾಳೆ? ಹೇಳಿದ್ರೆ ಏನಾಗುತ್ತೋ ಗೊತ್ತಿಲ್ದೆ ಇದ್ದಾಗ ಬಾಯಿ ಬರಲ್ಲಪ್ಪ.”

ನಾನು ಪುಟ ಸರಿಮಾಡಿಕೊಂಡೆ.

“ಬೇರೆ ಪುಸ್ತಕದಲ್ಲಿ ಹುಡುಗೀರು ಎರಡನೇ ಪುಟಕ್ಕೇ ಕತ್ತಿ ಹಿಡಿದು ನಿಂತ್ಕೋತಾರೆ. ಇವಳಿಗೆ ಹೊಟ್ಟೆ ಕೆಡುತ್ತೆ. ಏಣಿ ಹತ್ತಿದ್ರೆ ಕಾಲು ನಡುಗುತ್ತೆ. ಅದಕ್ಕೇ ನಾವೆಲ್ಲ ಕಾಯ್ತಿರೋದು. ಇಂಥವಳೇ ಏನಾದ್ರೂ ಮಾಡ್ತಾಳೆ ಅಂದ್ರೆ... ನಂಬಬಹುದು.”

ಇಷ್ಟು ಉದ್ದದ ಮಾತನ್ನು ಅವಳು ನನ್ನ ಜೊತೆ ಆಡಿ ವರ್ಷವಾಯಿತೋ ಏನೋ. ಮುಖ ಕಾಣದಿರುವುದರಿಂದ ಸುಲಭವಾಯಿತೇನೋ, ಇಬ್ಬರಿಗೂ.

ಮಾರ್ಚ್ ೧೦, ಸೋಮವಾರ

ಡಿಪೋ ಸಾಹೇಬರ ಫೋನು. ಇಬ್ಬರು ಡ್ರೈವರುಗಳು ಬಂದಿಲ್ಲ, ನಾಳೆಯಿಂದ ಮಧ್ಯಾಹ್ನದ ಪಾಳಿಗಾದರೂ ಬಾ, ಮನೆಯಲ್ಲಿ ಕೂತು ಏನು ಮಾಡುತ್ತೀಯ ಎಂದರು. “ಓದ್ತಿದೀನಿ ಸಾರ್, ಬರಕ್ಕಾಗಲ್ಲ” ಎಂದೆ. ಹತ್ತೊಂಬತ್ತು ವರ್ಷದಲ್ಲಿ ಅವರು ಕರೆದಾಗ ಹೋಗದೆ ಇದ್ದದ್ದಿಲ್ಲ. ಯಾಕೋ ಬಾಯಿಗೆ ಹಾಗೇ ಬಂತು. ಆಯಾಸ ಇರಬೇಕು.

ಹನಿ ನಾಲ್ಕು ಸಲ.

ಮಾರ್ಚ್ ೧೧, ಮಂಗಳವಾರ

ಬಸ್ಸು ಓಡಿಸುವವನಿಗೆ ಕಣ್ಣು ಒಂದು ಮಾರು ಮುಂದೆಯೇ ಇರುತ್ತದೆ. ಓದುವಾಗಲೂ ನನಗೆ ಅದೇ ಚಾಳಿ. ಬಾಯಿ ಒಂದು ಸಾಲಿನಲ್ಲಿದ್ದರೆ ಕಣ್ಣು ಮುಂದಿನ ಪುಟಕ್ಕೆ ಹೋಗಿರುತ್ತದೆ. ಇನ್ನೂರ ಎಂಟರಲ್ಲಿ ಗುಂಡಿ ಕಂಡಿತು.

ಪಂಪ್ ಹುಡುಗಿಯ ಬಲಗೈ ಹಲ್ಲುಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಮೂರು ಬೆರಳು ಹೋಗುತ್ತವೆ. ಗಾಯ ಕಟ್ಟುವ ಮುದುಕಿ ನೇರವಾಗಿ ಹೇಳುತ್ತಾಳೆ, ಇನ್ನು ಈ ಕೈ ಮೊದಲಿನ ಕೈ ಆಗುವುದಿಲ್ಲ, ಇದರ ಮೇಲೆ ಆಸೆ ಇಟ್ಟುಕೊಳ್ಳಬೇಡ ಎಂದು. ಎರಡು ಪುಟ ಇಡೀ ಅದೇ.

ಕೆಮ್ಮಿದೆ. ನೀರು ಕುಡಿದೆ. ಆಮೇಲೆ, “ಕೈಗೆ ದೊಡ್ಡ ಪೆಟ್ಟಾಯಿತು. ಮುದುಕಿ ಪಟ್ಟಿ ಕಟ್ಟಿದಳು. ಎಂಟು ದಿನದಲ್ಲಿ ಗಾಯ ಮಾಯಿತು” ಎಂದು ಓದಿದ ಹಾಗೆ ಹೇಳಿ, ಎರಡು ಪುಟ ಒಟ್ಟಿಗೆ ತಿರುವಿದೆ.

ಒಳ್ಳೆಯದಕ್ಕೇ ಮಾಡಿದ್ದು.

ಮಾರ್ಚ್ ೧೨, ಬುಧವಾರ

ಬೆಳಿಗ್ಗೆ ಚೆನ್ನಾಗಿಯೇ ಇತ್ತು. ಸ್ಟ್ರಾ ಹಾಕಿ ಟೀ ಕುಡಿದಳು, ಕತ್ತು ಒತ್ತಿಸಿಕೊಂಡಳು. ಹನ್ನೊಂದಕ್ಕೆ ಓದಲು ಕೂತೆ. ಪಂಪ್ ಹುಡುಗಿ ಸುರಂಗದ ಕವಾಟ ತೆರೆಯಬೇಕು. ಚಕ್ರಕ್ಕೆ ಹಗ್ಗ ಸುತ್ತಿ, ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಎಳೆಯುತ್ತಾಳೆ. ಓದುತ್ತಿದ್ದಂತೆಯೇ ನಾನು ಸಿಕ್ಕಿಬಿದ್ದೆ ಎಂದು ಗೊತ್ತಾಯಿತು. ಬ್ರೇಕು ಹಾಕಲು ತಡವಾಗಿತ್ತು.

“ಹಲ್ಲಲ್ಲಿ ಯಾಕೆ ಕಚ್ತಾಳೆ? ಬಲಗೈ ವಾಸಿಯಾಯ್ತಲ್ಲ.”

“ಏನೋ... ನೋವಿರ್ಬೇಕು.”

“ನಿನ್ನೆ ಎಂಟು ದಿನಕ್ಕೆ ಮಾಯ್ತು ಅಂದೆ. ಈ ಪುಸ್ತಕದಲ್ಲಿ ಯಾವ್ದೂ ಎಂಟು ದಿನಕ್ಕೆ ಮಾಯಲ್ಲಪ್ಪ. ಅವಳ ಕಾಲಿನ ಬೊಬ್ಬೆ ವಾಸಿಯಾಗಕ್ಕೇ ನಾಲ್ಕು ಅಧ್ಯಾಯ ಹಿಡೀತು.”

ನಾನು ಪುಟದ ಮೂಲೆ ಮಡಿಚಿದೆ, ಬಿಡಿಸಿದೆ.

“ಪುಟ ಹಾರಿಸಿದೀಯ.”

“ಹ್ಞೂಂ.”

“ಎಷ್ಟು?”

“ಎರಡು.”

“ಯಾಕೆ?”

ಯಾಕೆ ಎಂದು ಹೇಳಲು ಹೋದರೆ ಎಲ್ಲವನ್ನೂ ಹೇಳಬೇಕು. ಅವಳು ಫೋಮಿನ ತೂತಿನೊಳಗೆ ಮುಖ ಇಟ್ಟುಕೊಂಡೇ, ಒಂದೊಂದೇ ಪದ ಎಣಿಸಿದ ಹಾಗೆ ಕೇಳಿದಳು:

“ನನ್ನ ಕಣ್ಣಿನ ವಿಷಯದಲ್ಲೂ ಹಾರಿಸಿದೀಯಾ?”



ಹೇಳಿದೆ. ಕುರ್ಚಿಯಿಂದ ಇಳಿದು, ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದೆ. ಪರದೆ ಕೂತಿದೆ, ಆದರೆ ಆ ಕಣ್ಣಿನಲ್ಲಿ ಅಕ್ಷರ ಓದುವಷ್ಟು ದೃಷ್ಟಿ ಬರುವುದು ಅನುಮಾನ ಎಂದು. ಒಳ್ಳೆಯದಕ್ಕೇ ಮುಚ್ಚಿಟ್ಟೆವು ಎಂದೆ. ಡಾಕ್ಟರು ಹೇಳಿದ ಮೂರ್ನಾಲ್ಕು ದಿನದ ಮಾತನ್ನೂ ಹೇಳಿದೆ. ಅದನ್ನು ಬಿಡಬಹುದಿತ್ತು. ಬಿಟ್ಟರೆ ಮತ್ತೆ ಎರಡು ಪುಟ ಹಾರಿಸಿದ ಹಾಗೆ.

“ನೀನು ಹೇಳ್ದಾಗ ನಾನು ಕೇಳಿಸ್ಕೊಳ್ಲಿಲ್ಲ. ತಪ್ಪು ನಂದು” ಎಂದೆ. ಈ ಮಾತನ್ನು ನಾನು ಯಾರಿಗಾದರೂ ಹೇಳಿದ್ದು ಇದೇ ಮೊದಲು ಅನ್ನಿಸುತ್ತದೆ.

ಅವಳು ಅಲುಗಾಡಲಿಲ್ಲ. ಫೋಮಿನ ಕೆಳಗೆ, ನೆಲದ ಮೇಲೆ ಎರಡು ಹನಿ ಬಿದ್ದವು. ಹನ್ನೆರಡು ಗಂಟೆಯ ಔಷಧಿ ಇನ್ನೂ ಹಾಕಿರಲಿಲ್ಲ.

“ಪಟ್ಟಿ ಓದೋ ಮಂಡಳಿಯವ್ರೂ ಒಳ್ಳೇದಕ್ಕೇ ಅಂತ್ಲೇ ಹೇಳ್ತಾರೆ” ಎಂದಳು. ಆಮೇಲೆ, “ಆಚೆ ಹೋಗಪ್ಪ.”

ಹೋದೆ.

ಮಾರ್ಚ್ ೧೩, ಗುರುವಾರ

ಹನಿ ನಾಲ್ಕು ಸಲ. ಮಾತಿಲ್ಲ.

ಮಾರ್ಚ್ ೧೪, ಶುಕ್ರವಾರ

ಹನಿ ನಾಲ್ಕು ಸಲ. ಊಟ ಅರ್ಧ ಬಿಟ್ಟಳು.

ಇವಳು ನನ್ನ ಮೇಲೆ ಹರಿಹಾಯ್ದಳು. “ನಾಲ್ಕು ದಿನ ತಡ್ಕೊಳ್ಳಕ್ಕಾಗ್ಲಿಲ್ವಾ ನಿಮ್ಗೆ? ಈಗ ಅವಳು ಬೇಜಾರಾಗಿ ಎದ್ದು ಕೂತ್ಬಿಟ್ರೆ? ಅಷ್ಟೂ ಹಾಳಾದ್ರೆ?”

ಆದರೆ ಮಗಳು ಎದ್ದು ಕೂರಲಿಲ್ಲ. ಯಾರೂ ಹೇಳದೆ, ಬೋರಲಾಗಿಯೇ ಇದ್ದಾಳೆ. ಅವಳ ಬೆನ್ನು ನೋಡುತ್ತ ಕೂತಿದ್ದೆ. ಪುಸ್ತಕ ಕಿಟಕಿಯ ಮೇಲೆ ಮುಚ್ಚಿಕೊಂಡು ಬಿದ್ದಿದೆ. ನನಗೂ ಮುಂದೇನಾಯಿತೆಂದು ತಿಳಿಯಬೇಕಿತ್ತು, ಆದರೆ ಒಬ್ಬನೇ ತೆರೆದು ನೋಡಲು ಮನಸ್ಸಾಗಲಿಲ್ಲ.

ಮಾರ್ಚ್ ೧೫, ಶನಿವಾರ

ಹತ್ತು ಗಂಟೆಯ ಹೊತ್ತಿಗೆ, ನಾನು ಕಿಟಕಿಯ ಧೂಳು ಒರೆಸುತ್ತಿದ್ದಾಗ:

“ಆ ಎರಡು ಪುಟ ಓದು.”

ಓದಿದೆ. ಏನೂ ಬಿಡದೆ. ಹಲ್ಲುಚಕ್ರ, ರಕ್ತ, ಮುದುಕಿಯ ಮಾತು, ಎಲ್ಲ. ಎರಡು ಕಡೆ ನಿಂತೆ. ಅವಳು ಅವಸರ ಮಾಡಲಿಲ್ಲ.

ಅದರ ಮುಂದಿನ ಪುಟಗಳಲ್ಲೂ ಬೆರಳಿನ ಮಾತು ಬಂದಲ್ಲೆಲ್ಲ ನುಂಗಿಕೊಂಡು ಓದಿದ್ದೆ, ಈಗ ಮತ್ತೆ ಓದಬೇಕಾಯಿತು. ಬೆರಳು ಹೋದ ಮೇಲೆ ಪಂಪ್ ಹುಡುಗಿ ಹನ್ನೆರಡು ಪುಟ ಎಲ್ಲರ ಮೇಲೂ ರೇಗುತ್ತಾಳೆ. ಊಟ ತಂದುಕೊಟ್ಟ ಗೆಳತಿಗೆ ತಟ್ಟೆ ಬೀಸಾಡುತ್ತಾಳೆ. ಊರು ಮುಳುಗಿದರೆ ಮುಳುಗಲಿ ಅನ್ನುತ್ತಾಳೆ.

“ಇವಳು ಹೀಗೆ ಕೂತ್ರೆ ಊರಿನ ಗತಿ ಏನು?” ಎಂದೆ.

“ಕೂತ್ಕೊಳ್ಲಿ ಬಿಡು. ಅವಳ ಬೆರಳು ಹೋಗಿರೋದು” ಎಂದಳು. ಆಮೇಲೆ, “ಅಪ್ಪ, ಒಂದು ವಿಷಯ ಹೇಳ್ತೀನಿ. ಬೈಬೇಡ.”

“ಹೇಳು.”

“ಕಪ್ಪು ಪರದೆಗಿಂತ ಹತ್ತು ದಿನ ಮೊದಲೇ ಕಣ್ಣ ಮೂಲೇಲಿ ಮಿಂಚು ಮಿಂಚಿದ ಹಾಗೆ ಆಗ್ತಿತ್ತು. ಕಪ್ಪು ಚುಕ್ಕಿನೂ ಓಡಾಡ್ತಿತ್ತು. ನಾನೇ ಹೇಳಿರ್ಲಿಲ್ಲ.”

“ಯಾಕಮ್ಮ?”

“ಹೇಳಿದ್ರೆ ಪುಸ್ತಕ ಕಿತ್ಕೋತೀಯ ಅಂತ.”

ಬೈಯಲಿಲ್ಲ. ಬೈಯುವುದಕ್ಕೆ ಏನಿತ್ತು? ಹದಿಮೂರು ದಿನದ ಲೆಕ್ಕದಲ್ಲಿ ಮೂರು ದಿನ ಮಾತ್ರ ನನ್ನದು ಎಂದು ಅವಳು ನನ್ನ ಭಾರ ಇಳಿಸಲು ಹೇಳಿದಳೇನೋ. ಹದಿಮೂರೂ ನನ್ನದೇ ಎಂದು ತಿಳಿಯಿತು.

ಸಂಜೆ ಇವಳು ಕೆಲಸದಿಂದ ಬಂದು, ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಅಧ್ಯಾಯ ಮುಗಿಯಿತು. “ಆ ಗೆಳತಿ ಮತ್ತೆ ಬರ್ತಾಳಾ?” ಎಂದಳು. ತಾಯಿ ಮಗಳು ಇಬ್ಬರೂ ಒಟ್ಟಿಗೆ ಹೇಳಿದರು, ಒಬ್ಬಳು “ಓದು” ಎಂದು, ಇನ್ನೊಬ್ಬಳು “ಓದಿ ರೀ” ಎಂದು. ಎಂಟರ ಹನಿ ಅರ್ಧ ಗಂಟೆ ತಡವಾಯಿತು. ನರ್ಸ್ ಕೇಳಿದರೆ ಕಾರಣ ಹೇಳುತ್ತೇನೆ.

ಮಾರ್ಚ್ ೧೭, ಸೋಮವಾರ

ಇವತ್ತು ಅವಳು ತಲೆ ಎತ್ತಿದಳು.

ಹದಿನಾಲ್ಕು ದಿನಕ್ಕೆ ಮತ್ತೊಂದು ದಿನ ಅವಳೇ ಸೇರಿಸಿಕೊಂಡಿದ್ದಳು, ಇರಲಿ ಎಂದು. ಡಾಕ್ಟರು ಕುರ್ಚಿಯ ಮೇಲೆ ನೇರ ಕೂರಿಸಿದರು. ಹಣೆ, ಕೆನ್ನೆ ಎಲ್ಲ ಊದಿಕೊಂಡು ಯಾರದೋ ಮುಖದ ಹಾಗಿತ್ತು. ಬಲಗಣ್ಣು ಮುಚ್ಚಿ, ಎಡಗಣ್ಣಿನ ಮುಂದೆ ಬೆರಳು ಹಿಡಿದರು. ಗುಳ್ಳೆ ಇನ್ನೂ ಪೂರ್ತಿ ಕರಗಿಲ್ಲ, ನೀರಿನ ಗೆರೆಯ ಮೇಲಿಂದ ನೋಡಿದ ಹಾಗಿದೆ ಎಂದಳು. ಬೆರಳು ಎಷ್ಟು? ಎರಡು. ಈಗ? ನಾಲ್ಕು. ಗೋಡೆಯ ಮೇಲಿನ ಅಕ್ಷರ? ಗೋಡೆ ಕಾಣುತ್ತದೆ, ಅಕ್ಷರ ಇಲ್ಲ.

“ಈ ಕಣ್ಣಲ್ಲಿ ಯಾವತ್ತಾದ್ರೂ ಓದಕ್ಕಾಗುತ್ತಾ ಡಾಕ್ಟ್ರೇ?” ಎಂದು ಕೇಳಿದಳು.

ಡಾಕ್ಟರು ನನ್ನ ಮುಖ ನೋಡಿದರು. ಎದ್ದು ವರಾಂಡದ ಕಡೆ ಒಂದು ಹೆಜ್ಜೆ ಕೂಡ ಇಟ್ಟರು.

“ಅವಳಿಗೇ ಹೇಳಿ ಮೇಡಂ. ಕೇಳ್ತಿರೋಳು ಅವಳು” ಎಂದೆ.

ಅವರು ಮತ್ತೆ ಕೂತು, ಸ್ಟೂಲನ್ನು ಮಗಳ ಹತ್ತಿರಕ್ಕೆ ಎಳೆದುಕೊಂಡರು. ಅಂಚಿನ ದೃಷ್ಟಿ ಬರುತ್ತದೆ, ನಡುವೆ ಮಂಜು ಉಳಿಯುತ್ತದೆ, ಅಕ್ಷರ ಬಹುಶಃ ಇಲ್ಲ, ಆರು ತಿಂಗಳ ನಂತರವೇ ಖಚಿತವಾಗಿ ಹೇಳಬಹುದು ಎಂದರು. ಓದನ್ನೆಲ್ಲ ಬಲಗಣ್ಣು ಹೊತ್ತುಕೊಳ್ಳುತ್ತದೆ, ಒಂದು ತಿಂಗಳು ಬಿಟ್ಟು ಶುರು ಮಾಡು ಎಂದರು.

“ಬಲಗಣ್ಣಿಗೂ ಹೀಗೇ ಆಗ್ಬಹುದಾ?”

“ಆಗ್ಬಹುದು. ಲೇಸರ್ ಹಾಕಿರೋದ್ರಿಂದ ಸಾಧ್ಯತೆ ಕಮ್ಮಿ, ಆದ್ರೆ ಇಲ್ವೇ ಇಲ್ಲ ಅಂತ ನಾನು ಹೇಳಲ್ಲ. ಮಿಂಚು ಕಂಡ್ರೆ, ಚುಕ್ಕಿ ಕಂಡ್ರೆ, ಅವತ್ತೇ ಬರ್ಬೇಕು. ಮಾರನೇ ದಿನ ಅಲ್ಲ. ಮನೇಲಿ ಹೇಳ್ತೀಯ ತಾನೇ?”

ಮಗಳು ನನ್ನ ಕಡೆ ತಿರುಗಿದಳು. ಹನಿ ಬಿಡುವಾಗ ಓರೆಯಾಗಿ ಕಂಡದ್ದು ಬಿಟ್ಟರೆ, ಹದಿನಾರು ದಿನದ ಮೇಲೆ ಅವಳ ಮುಖವನ್ನು ಎದುರಿನಿಂದ ನೋಡಿದೆ. ಎಡಗಣ್ಣು ಕೆಂಪಗಿತ್ತು, ನನ್ನನ್ನು ಹುಡುಕುತ್ತಿತ್ತು. ಬಲಗಣ್ಣು ನನ್ನನ್ನು ಕಂಡಿತು.

“ಹೇಳ್ತೀನಿ” ಎಂದಳು.

ಮಾರ್ಚ್ ೧೯, ಬುಧವಾರ

ಪುಸ್ತಕ ಮುಗಿಯಿತು. ನಾಳೆಯಿಂದ ಡ್ಯೂಟಿ.

ಪಂಪ್ ಹುಡುಗಿ ಊರನ್ನು ಉಳಿಸುವುದಿಲ್ಲ. ಮಂಡಳಿಯೂ ಬೀಳುವುದಿಲ್ಲ. ಪಟ್ಟಿ ಓದುವ ಹಿಂದಿನ ದಿನ ಅವಳು ಬಾಗಿಲಿಂದ ಬಾಗಿಲಿಗೆ ಹೋಗಿ, ಧ್ವನಿ ನಡುಗುತ್ತಲೇ, ಕೊಳವೆಯೊಳಗೆ ಕಂಡದ್ದನ್ನು ಹೇಳುತ್ತಾಳೆ. ಕೆಲವರು ಬಾಗಿಲು ಹಾಕಿಕೊಳ್ಳುತ್ತಾರೆ. ಒಂಬತ್ತು ಮನೆಯವರು ನಂಬಿ, ಗಂಟು ಕಟ್ಟಿಕೊಂಡು, ಸುರಂಗದ ಮೂಲಕ ಅವಳ ಹಿಂದೆ ಹೊರಡುತ್ತಾರೆ. ಅಷ್ಟೇ.

“ಒಂಬತ್ತೇ ಮನೆನಾ?” ಎಂದಳು ಇವಳು.

“ಮೂರು ವಾರ ಗೋಡೆ ಕಡೆ ತಿರುಗಿ ಮಲಗಿದ್ದೋಳು ಕಣೇ ಅದು. ಒಂಬತ್ತು ಮನೆ ಅಂದ್ರೆ ಸಣ್ಣದಲ್ಲ” ಎಂದೆ. ಸ್ವಲ್ಪ ಜೋರಾಗಿಯೇ ಅಂದೆ ಅನ್ನಿಸುತ್ತದೆ. ಮಗಳು ನನ್ನನ್ನೇ ನೋಡುತ್ತಿದ್ದಳು.

ಪುಸ್ತಕವನ್ನು ಸಾಲಿನಲ್ಲಿ ಮೊದಲಿರುವ ಹುಡುಗಿಗೆ ಕಳಿಸಬೇಕಂತೆ. ಇನ್ನೂರ ಎಂಟನೇ ಪುಟದಲ್ಲಿ ನನ್ನ ಹೆಬ್ಬೆರಳಿನ ಗುರುತು ಬಿದ್ದಿದೆ. ಅಳಿಸಲು ನೋಡಿದೆ, ಹೋಗಲಿಲ್ಲ.

ಮಾರ್ಚ್ ೩೦, ಭಾನುವಾರ

ಹನಿ ಈಗ ದಿನಕ್ಕೆ ಎರಡೇ ಸಲ, ಅವಳೇ ಹಾಕಿಕೊಳ್ಳುತ್ತಾಳೆ. ಬರೆಯಲು ಏನೂ ಇರಲಿಲ್ಲ. ವಾರವಿಡೀ ಎರಡು ಪಾಳಿ, ಕಾಲು ಊದಿಕೊಂಡಿದೆ.

ಇವತ್ತು ಮಧ್ಯಾಹ್ನ ಊಟದ ಮೇಜಿನ ಬಳಿ ಮೂವರೂ ಕೂತಿದ್ದೆವು. ಮಗಳು ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸಿದಳು. ನೀರು ಲೋಟದ ಪಕ್ಕಕ್ಕೆ ಬಿತ್ತು. ಒಂದೇ ಕಣ್ಣಿನಲ್ಲಿ ನೋಡುವಾಗ ಯಾವುದು ಹತ್ತಿರ, ಯಾವುದು ದೂರ ಎಂದು ಅಂದಾಜಾಗುವುದಿಲ್ಲವಂತೆ. ಕೆಲವು ತಿಂಗಳಲ್ಲಿ ಅಭ್ಯಾಸವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಇವಳು ಕೈ ಚಾಚಿದಳು. ನಾನು ಮೇಜಿನ ಕೆಳಗೆ ಇವಳ ಮಂಡಿ ಮುಟ್ಟಿದೆ. ಕೈ ಹಿಂದೆ ಹೋಯಿತು.

ಎರಡನೇ ಸಲವೂ ಮೇಜಿನ ಮೇಲೆಯೇ. ನೀರು ನನ್ನ ತಟ್ಟೆಯ ತನಕ ಹರಿದು ಬಂತು. ತಟ್ಟೆ ಎತ್ತಿ ಹಿಡಿದುಕೊಂಡೆ. ಮಗಳು ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಿ, ಟಣ್ ಎಂದು ಸದ್ದು ಕೇಳಿಸಿಕೊಂಡು, ಆಮೇಲೆ ಬಗ್ಗಿಸಿದಳು. ಲೋಟ ತುಂಬಿತು.

ಕುಡಿದಳು. ಮತ್ತೆ ತುಂಬಿಸಿ ನನ್ನ ಮುಂದೆ ಇಟ್ಟಳು.

“ತಗೋ ಅಪ್ಪ.”

ಬಾಯಾರಿಕೆ ಇರಲಿಲ್ಲ. ಪೂರ್ತಿ ಕುಡಿದೆ.